ನಾಲ್ಕು ಮನೆಗಳ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂದು ಹೇಳುವುದುಂಟು. ಒಂದೇ ಪಾತ್ರೆಯಲ್ಲಿ ಒಂದೇ ಉರಿಯ ಮೇಲೆ ಬೆಂದ ಅಕ್ಕಿಗೆ ಈ ಮಾತು ಸಲ್ಲುತ್ತದೆ. ಮನುಷ್ಯರ ವಿಚಾರದಲ್ಲಿ ಸಲ್ಲುವುದಿಲ್ಲ. ಒಂದೇ ರೋಗಕ್ಕೆ ಒಂದೇ ಔಷಧವನ್ನು ಪಡೆದ ಇಬ್ಬರಲ್ಲಿ ಒಬ್ಬನು ಹಾಸಿಗೆಯಿಂದ ಏಳುತ್ತಾನೆ, ಇನ್ನೊಬ್ಬನು ಏಳುವುದಿಲ್ಲ. ಒಂದೇ ಪಾಠವನ್ನು ಕೇಳಿದ ಇಬ್ಬರಲ್ಲಿ ಒಬ್ಬಳು ತೇರ್ಗಡೆಯಾಗುತ್ತಾಳೆ, ಇನ್ನೊಬ್ಬಳು ಆಗುವುದಿಲ್ಲ. ಆದುದರಿಂದ ಔಷಧದ ಗುಣವನ್ನಾಗಲಿ ಪಾಠದ ಗುಣವನ್ನಾಗಲಿ ಅರಿಯಬೇಕಾದರೆ ಹಲವರನ್ನು ನೋಡಬೇಕು; ಅದನ್ನು ಪಡೆದವರನ್ನೂ ಪಡೆಯದವರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು; ಎಣಿಸಬೇಕು. ಎಣಿಸಿದ ಮೇಲೆ ಎರಡು ಗುಂಪುಗಳಲ್ಲಿ ಒಂದಿಷ್ಟು ಅಂತರ ಕಂಡೇ ಕಾಣುತ್ತದೆ. ಆ ಅಂತರವು ಔಷಧದಿಂದ ಬಂದುದೋ, ಬರಿಯ ಆಕಸ್ಮಿಕವೋ? ಕಷ್ಟವಿರುವುದು ಇಲ್ಲಿ.

ಅಳೆಯುವುದು ಬೇರೆ, ವಿಂಗಡಿಸುವುದು ಬೇರೆ. ಮಕ್ಕಳ ಎತ್ತರವನ್ನು ಅಳೆಯಬಹುದು, ಹೊಲದ ಇಳುವರಿಯನ್ನು ತೂಗಬಹುದು, ಸರಾಸರಿಯನ್ನು ತೆಗೆದು ಹೋಲಿಸಬಹುದು. ಆದರೆ ಬದುಕಿದವರು, ಸತ್ತವರು. ಪ್ರವೇಶ ದೊರೆತವರು, ದೊರೆಯದವರು. ಇವು ಅಳತೆಗಳಲ್ಲ, ಹೆಸರುಗಳು. ಬದುಕಿಗೂ ಸಾವಿಗೂ ನಡುವೆ ಸರಾಸರಿ ಎಂಬುದೊಂದಿಲ್ಲ. ಇಂಥ ಕಡೆ ಮಾಡಬಹುದಾದ ಕೆಲಸವೆಂದರೆ ಒಂದೊಂದು ಹೆಸರಿನ ಕೆಳಗೆ ಎಷ್ಟು ಜನರಿದ್ದಾರೆಂದು ಎಣಿಸಿ ಕೋಷ್ಟಕದ ಮನೆಗಳಲ್ಲಿ ತುಂಬುವುದು. ಗುಂಪುಗಳು ಎರಡು, ಹೆಸರುಗಳು ಎರಡು ಆದರೆ ನಾಲ್ಕೇ ಮನೆಗಳು. ಚೌಕಾಬಾರದ ಪಟಕ್ಕಿಂತಲೂ ಚಿಕ್ಕದು.

ಇಷ್ಟು ಚಿಕ್ಕ ಪಟಕ್ಕೆ ಸಂಖ್ಯಾಶಾಸ್ತ್ರಜ್ಞರು ಎಷ್ಟೊಂದು ಪರೀಕ್ಷೆಗಳನ್ನು ಕಲ್ಪಿಸಿದ್ದಾರೆ! ಪಿಯರ್ಸನ್ ಅವರದೊಂದು, ಫಿಷರ್ ಅವರದೊಂದು, ಮೆಕ್ನೆಮಾರ್ ಅವರದೊಂದು, ಮ್ಯಾಂಟೆಲ್ ಮತ್ತು ಹೆನ್ಸೆಲ್ ಅವರದೊಂದು. ಸಂಶೋಧನೆಗೆ ತೊಡಗಿದ ವಿದ್ಯಾರ್ಥಿಯು ಮಾಹಿತಿಯನ್ನೆಲ್ಲ ಕೂಡಿಹಾಕಿದ ಮೇಲೆ ‘ಇದಕ್ಕೆ ಯಾವ ಪರೀಕ್ಷೆ?’ ಎಂದು ಕೇಳುವುದು ವಾಡಿಕೆ. ಇಂದು ಗಣಕಯಂತ್ರವು ಎಲ್ಲ ಪರೀಕ್ಷೆಗಳನ್ನೂ ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಮಾಡತಕ್ಕದ್ದು ಯಾವುದೆಂಬುದನ್ನು ಮಾತ್ರ ಅದು ತಾನಾಗಿ ಅರಿಯದು. ಸಂಖ್ಯೆಗಳ ಮುಖವನ್ನು ನೋಡಿ ಪರೀಕ್ಷೆಯನ್ನು ಆರಿಸಲಾಗದು. ಅವುಗಳ ಜಾತಕವನ್ನು ನೋಡಬೇಕು. ಅವು ಹೇಗೆ ಹುಟ್ಟಿದುವು, ಯಾರನ್ನು ಎಣಿಸಿದಾಗ ಹುಟ್ಟಿದುವು, ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದುವು ಎಂಬುದು ಗೊತ್ತಾದರೆ ಪರೀಕ್ಷೆಯು ಬಹುಮಟ್ಟಿಗೆ ತಾನೇ ಗೊತ್ತಾಗುತ್ತದೆ. ನಿಜವಾದ ಎಣಿಕೆಯೊಂದನ್ನೇ ಕೈಗೆತ್ತಿಕೊಂಡು ಇದನ್ನು ನೋಡೋಣ.

ನೂರ ಏಳು ಜನ ರೋಗಿಗಳು

ಕ್ಷಯವೆಂಬ ಹೆಸರು ಕೇಳಿದರೆ ಮನೆಮಂದಿಯ ಎದೆ ನಡುಗುತ್ತಿದ್ದ ಕಾಲವೊಂದಿತ್ತು. ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ವಿಶ್ರಾಂತಿ ಇವುಗಳನ್ನು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚಿನದೇನೂ ಇರಲಿಲ್ಲ. ೧೯೪೩ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ, ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ, ಆಲ್ಬರ್ಟ್ ಶಾಟ್ಸ್ ಎಂಬ ತರುಣರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ದ್ರವ್ಯವನ್ನು ಪಡೆದರು. ಅದು ಕ್ಷಯಾಣುಗಳನ್ನು ತಡೆಯುತ್ತದೆಂದು ಬೇಗನೆ ತಿಳಿದುಬಂದಿತು. ಮನುಷ್ಯನ ಶ್ವಾಸಕೋಶದಲ್ಲಿಯೂ ಅದು ಕೆಲಸ ಮಾಡುವುದೇ?

ಯುದ್ಧದಿಂದ ಬಳಲಿದ್ದ ಬ್ರಿಟನ್ನಿನಲ್ಲಿ ಆ ಔಷಧವನ್ನು ಬೇಕಾದಷ್ಟು ಕೊಳ್ಳಲು ಡಾಲರುಗಳಿರಲಿಲ್ಲ. ದೊರೆತುದು ಕೆಲವರಿಗೆ ಮಾತ್ರ ಸಾಕಾಗುವಷ್ಟು. ಎಲ್ಲರಿಗೂ ಕೊಡಲಾಗದೆ ಇದ್ದ ಈ ದುರ್ಭಿಕ್ಷವೇ ಒಂದು ನ್ಯಾಯವಾದ ಪ್ರಯೋಗಕ್ಕೆ ದಾರಿಯಾಯಿತು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿಯು ೧೯೪೭ರಲ್ಲಿ ಹಲವು ಆಸ್ಪತ್ರೆಗಳಿಂದ ೧೦೭ ರೋಗಿಗಳನ್ನು ಆರಿಸಿತು. ಎಲ್ಲರೂ ೧೫ರಿಂದ ೩೦ರ ವಯಸ್ಸಿನವರು, ಎಲ್ಲರ ಶ್ವಾಸಕೋಶಗಳೆರಡೂ ತೀವ್ರವಾಗಿ ಹಾಳಾಗುತ್ತಿದ್ದುವು. ಪ್ರಯೋಗದ ಸಂಖ್ಯಾಶಾಸ್ತ್ರವನ್ನು ನೋಡಿಕೊಂಡವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರೇ ಕ್ಷಯಕ್ಕೆ ತುತ್ತಾಗಿ, ವೈದ್ಯನಾಗಬೇಕೆಂಬ ಹಂಬಲವನ್ನು ಬಿಟ್ಟು, ಅಂಚೆಯ ಮೂಲಕ ಅರ್ಥಶಾಸ್ತ್ರವನ್ನು ಓದಿ ಪದವೀಧರರಾದವರು. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರ ಮನಸ್ಸಿಗೆ ಬಿಡದೆ, ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದ ನಿರ್ಧರಿಸಿ, ಮುಚ್ಚಿದ ಲಕೋಟೆಗಳಲ್ಲಿಟ್ಟರು. ೫೫ ಜನರಿಗೆ ಸ್ಟ್ರೆಪ್ಟೊಮೈಸಿನ್ ಬಂದಿತು. ೫೨ ಜನರಿಗೆ ಬರಲಿಲ್ಲ.

ಆರು ತಿಂಗಳು ಕಳೆದುವು. ಔಷಧ ಪಡೆದ ೫೫ ಜನರಲ್ಲಿ ಸತ್ತವರು ೪. ಪಡೆಯದ ೫೨ ಜನರಲ್ಲಿ ಸತ್ತವರು ೧೪. ಉಳಿದವರು ಕ್ರಮವಾಗಿ ೫೧ ಮತ್ತು ೩೮. ಇವೇ ನಮ್ಮ ನಾಲ್ಕು ಮನೆಗಳು.

ಪಿಯರ್ಸನ್ ಅವರ ಅಳತೆಗೋಲು

ಔಷಧದಿಂದ ಏನೂ ಪ್ರಯೋಜನವಿಲ್ಲವೆಂದು ಕ್ಷಣಕಾಲ ಊಹಿಸೋಣ. ಹಾಗಿದ್ದರೆ ಒಟ್ಟು ೧೮ ಸಾವುಗಳು ಗುಂಪುಗಳ ಗಾತ್ರಕ್ಕೆ ಅನುಗುಣವಾಗಿ ಹಂಚಿಹೋಗಬೇಕಾಗಿತ್ತು. ಮೊದಲ ಗುಂಪಿಗೆ ೯.೨೫, ಎರಡನೆಯದಕ್ಕೆ ೮.೭೫. ಕಂಡದ್ದು ೪ ಮತ್ತು ೧೪. ಪ್ರತಿಯೊಂದು ಮನೆಯಲ್ಲಿಯೂ ನಿರೀಕ್ಷಿಸಿದ ಸಂಖ್ಯೆಗೂ ಕಂಡ ಸಂಖ್ಯೆಗೂ ಸುಮಾರು ಐದೂಕಾಲಿನ ಅಂತರವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಕಾರ್ಲ್ ಪಿಯರ್ಸನ್ ಅವರು ೧೯೦೦ರಲ್ಲಿ ತೋರಿಸಿಕೊಟ್ಟ ಉಪಾಯವಿದು: ಪ್ರತಿಯೊಂದು ಮನೆಯ ಅಂತರವನ್ನು ವರ್ಗ ಮಾಡಿ, ಆ ಮನೆಯ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ಎಲ್ಲವನ್ನೂ ಕೂಡಬೇಕು. ವರ್ಗ ಮಾಡುವುದು, ಹೆಚ್ಚು ಕಡಿಮೆಗಳು ಒಂದನ್ನೊಂದು ಅಳಿಸಿಹಾಕದಿರಲೆಂದು. ಭಾಗಿಸುವುದು, ಒಂಬತ್ತರಲ್ಲಿ ಐದು ತಪ್ಪಿದರೆ ದೊಡ್ಡ ಮಾತು, ಐನೂರರಲ್ಲಿ ಐದು ತಪ್ಪಿದರೆ ದೊಡ್ಡ ಮಾತಲ್ಲವೆಂದು. ಈ ಮೊತ್ತಕ್ಕೆ ಗ್ರೀಕ್ ಅಕ್ಷರವೊಂದರಿಂದ ‘ಕೈ-ವರ್ಗ’ ಎಂಬ ಹೆಸರು ಬಂದಿದೆ. ನಮ್ಮ ಕೋಷ್ಟಕದಲ್ಲಿ ಅದು ೭.೩೮.

ಆದರೆ ೭.೩೮ ಎಂಬುದು ದೊಡ್ಡದೋ ಚಿಕ್ಕದೋ? ಇಲ್ಲಿ ಸಂಖ್ಯಾಶಾಸ್ತ್ರದ ಇತಿಹಾಸದ ಒಂದು ಪ್ರಸಿದ್ಧ ಜಗಳವು ಎದುರಾಗುತ್ತದೆ. ನಾಲ್ಕು ಮನೆಗಳ ಕೋಷ್ಟಕದಲ್ಲಿ ಮೂರು ಮನೆಗಳು ಸ್ವತಂತ್ರವೆಂದು ಪಿಯರ್ಸನ್ ಅವರು ಎಣಿಸಿದ್ದರು. ೧೯೨೨ರಲ್ಲಿ ರೊನಾಲ್ಡ್ ಫಿಷರ್ ಎಂಬ ತರುಣ ವಿದ್ವಾಂಸರು ಇದು ಸರಿಯಲ್ಲವೆಂದರು. ಅಂಚಿನ ಮೊತ್ತಗಳನ್ನು ಗೊತ್ತುಮಾಡಿಕೊಂಡ ಮೇಲೆ ಒಂದೇ ಒಂದು ಮನೆಯನ್ನು ತುಂಬಿ ನೋಡಿ: ಸತ್ತವರು ಒಟ್ಟು ೧೮, ಅವರಲ್ಲಿ ಮೊದಲ ಗುಂಪಿನವರು ೪ ಎಂದೊಡನೆ ಉಳಿದ ೧೪ ತಾನಾಗಿ ಬರುತ್ತದೆ, ೫೧, ೩೮ ಕೂಡ ತಾವಾಗಿ ಬರುತ್ತವೆ. ಸ್ವತಂತ್ರವಾದುದು ಒಂದೇ ಮನೆ. ಪಿಯರ್ಸನ್ ಅವರು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಶಾಸ್ತ್ರವು ಫಿಷರ್ ಅವರ ಮಾತನ್ನು ಒಪ್ಪಿತು.

ಇದು ಪಂಡಿತರ ಶುಷ್ಕವಾದವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಿ. ಭೇದವೇ ಇಲ್ಲದಿರುವಾಗ, ಕೇವಲ ಆಕಸ್ಮಿಕದಿಂದ ನೂರಕ್ಕೆ ಐದು ಸಾರಿ ಮಾತ್ರ ದಾಟಬಹುದಾದ ಗೆರೆಯು ಮೂರು ಮನೆಗಳು ಸ್ವತಂತ್ರವಾದರೆ ೭.೮೧, ಒಂದು ಮನೆ ಸ್ವತಂತ್ರವಾದರೆ ೩.೮೪. ನಮ್ಮ ೭.೩೮ ಮೊದಲಿನ ಗೆರೆಯ ಈಚೆಗೆ ನಿಲ್ಲುತ್ತದೆ, ಎರಡನೆಯ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಫ್ರಾಂಕ್ ಯೇಟ್ಸ್ ಅವರು ೧೯೩೪ರಲ್ಲಿ ಸೂಚಿಸಿದ ತಿದ್ದುಪಡಿಯನ್ನು ಮಾಡಿ ಇನ್ನಷ್ಟು ಬಿಗಿಯಾಗಿ ಲೆಕ್ಕ ಹಾಕಿದರೂ ೬.೦೪ ಉಳಿಯುತ್ತದೆ. ಎಂದರೆ, ಹಳೆಯ ಎಣಿಕೆಯನ್ನೇ ಹಿಡಿದಿದ್ದರೆ ಈ ಹದಿನಾಲ್ಕು ಮತ್ತು ನಾಲ್ಕರ ಅಂತರವನ್ನು ‘ಆಕಸ್ಮಿಕವಿರಬಹುದು’ ಎಂದು ಬದಿಗೆ ಸರಿಸಬೇಕಾಗುತ್ತಿತ್ತು. ಶಾಸ್ತ್ರದ ಒಂದು ಸೂಕ್ಷ್ಮವು ಎಷ್ಟು ದೂರ ಮುಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಗೆರೆಯನ್ನು ದಾಟಿತೆಂದರೆ ಅಂತರವು ಬರಿಯ ಆಕಸ್ಮಿಕವೆನ್ನುವುದು ಕಷ್ಟವೆಂದಷ್ಟೇ ಅರ್ಥ. ಅಂತರವು ದೊಡ್ಡದೆಂದು ಅರ್ಥವಲ್ಲ. ದೊಡ್ಡದೋ ಚಿಕ್ಕದೋ ಎಂಬುದನ್ನು ಶೇಕಡವಾರು ಹೇಳಬೇಕು. ಇಲ್ಲಿ ಸಾವು ನೂರಕ್ಕೆ ೨೭ರಿಂದ ೭ಕ್ಕೆ ಇಳಿಯಿತು. ಈ ಮಾತನ್ನು ಹೇಳದೆ ಕೈ-ವರ್ಗವನ್ನು ಮಾತ್ರ ಹೇಳುವ ಲೇಖನವು, ತಕ್ಕಡಿಯನ್ನು ತೋರಿಸಿ ತೂಕವನ್ನು ಮರೆಮಾಡಿದಂತೆ.

ಸಂಖ್ಯೆಗಳು ಚಿಕ್ಕವಾದಾಗ

ಪಿಯರ್ಸನ್ ಅವರ ಅಳತೆಗೋಲು ಒಂದು ಅಂದಾಜು. ಮನೆಗಳಲ್ಲಿ ಜನ ಸಾಕಷ್ಟಿದ್ದಾಗ ಆ ಅಂದಾಜು ಚೆನ್ನಾಗಿ ನಡೆಯುತ್ತದೆ; ವಿರಳವಾದಾಗ ನಂಬಿಕೆ ಸಡಿಲುತ್ತದೆ. ನಾಲ್ಕು ಮನೆಗಳಲ್ಲಿ ಯಾವೊಂದರ ನಿರೀಕ್ಷಿತ ಸಂಖ್ಯೆಯಾದರೂ ಐದಕ್ಕಿಂತ ಕಡಿಮೆಯಾದರೆ ಎಚ್ಚರವಾಗಿರಬೇಕೆಂಬುದು ರೂಢಿಯ ಮಾತು. ಇಲ್ಲಿ ‘ನಿರೀಕ್ಷಿತ’ ಎಂಬ ಪದವನ್ನು ವಾಚಕರು ಗಮನಿಸಬೇಕು. ನಮ್ಮ ಕೋಷ್ಟಕದ ಒಂದು ಮನೆಯಲ್ಲಿ ಕಂಡ ಸಂಖ್ಯೆ ನಾಲ್ಕೇ ಆದರೂ ನಿರೀಕ್ಷಿತ ಸಂಖ್ಯೆಗಳಲ್ಲಿ ಅತ್ಯಂತ ಚಿಕ್ಕದು ೮.೭೫, ಆದುದರಿಂದ ಅಳುಕಬೇಕಾಗಿಲ್ಲ.

ಹಾಗಲ್ಲದೆ ಸಂಖ್ಯೆಗಳು ನಿಜವಾಗಿಯೂ ಚಿಕ್ಕವಾದರೆ ಅಂದಾಜನ್ನು ಬಿಟ್ಟು ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಎಣಿಸಬೇಕು. ಈ ವಿಧಾನಕ್ಕೆ ಫಿಷರ್ ಅವರು ೧೯೩೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಬಟ್ಟಲು ಚಹದ ಉದಾಹರಣೆಯನ್ನು ಕೊಟ್ಟಿದ್ದಾರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರೊಡನೆ ಕೆಲಸ ಮಾಡುತ್ತಿದ್ದ ಮ್ಯೂರಿಯೆಲ್ ಬ್ರಿಸ್ಟಲ್ ಎಂಬ ವಿದುಷಿಯು, ಬಟ್ಟಲಿಗೆ ಹಾಲನ್ನು ಮೊದಲು ಹಾಕಿದರೋ ಚಹವನ್ನು ಮೊದಲು ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದರಂತೆ. ಎಂಟು ಬಟ್ಟಲುಗಳು, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಚಹ ಮೊದಲು, ನಾಲ್ಕು ನಾಲ್ಕೆಂಬುದು ಆಕೆಗೂ ಗೊತ್ತು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು ಒಟ್ಟು ೭೦. ಕುರುಡಾಗಿ ಊಹಿಸಿದವನಿಗೆ ಎಲ್ಲವೂ ಸರಿಯಾಗುವ ಸಂಭವ ಎಪ್ಪತ್ತರಲ್ಲಿ ಒಂದು. ಆದರೆ ನಾಲ್ಕರಲ್ಲಿ ಮೂರಾದರೂ ಸರಿಯಾಗುವ ಸಂಭವ ಎಪ್ಪತ್ತರಲ್ಲಿ ಹದಿನೇಳು. ಸುಮಾರು ನಾಲ್ಕರಲ್ಲಿ ಒಂದು. ನಾಲ್ಕಕ್ಕೆ ಮೂರು ಎಂದರೆ ಕೇಳಿದವರು ಭೇಷ್ ಎಂದಾರು. ಲೆಕ್ಕವು ಭೇಷ್ ಎನ್ನುವುದಿಲ್ಲ. ಈ ಪರೀಕ್ಷೆಯಲ್ಲಿ ಅಂದಾಜೆಂಬುದೇ ಇಲ್ಲವಾದ್ದರಿಂದ ಇದನ್ನು ಫಿಷರ್ ಅವರ ನಿಖರ ಪರೀಕ್ಷೆಯೆನ್ನುತ್ತಾರೆ.

ಹೆಸರುಗಳಿಗೆ ಮೇಲು ಕೀಳಿದ್ದಾಗ

ಸ್ಟ್ರೆಪ್ಟೊಮೈಸಿನ್ ಪ್ರಯೋಗಕ್ಕೆ ಹಿಂದಿರುಗೋಣ. ರೋಗಿಗಳ ಕ್ಷ-ಕಿರಣ ಚಿತ್ರಗಳನ್ನು ನೋಡಿದ ತಜ್ಞರಿಗೆ, ಯಾವ ಚಿತ್ರವು ಯಾವ ಗುಂಪಿನದೆಂಬುದನ್ನು ತಿಳಿಸಿರಲಿಲ್ಲ. ಅವರು ರೋಗಿಗಳನ್ನು ಆರು ವರ್ಗಗಳಾಗಿ ವಿಂಗಡಿಸಿದರು. ಔಷಧ ಪಡೆದವರಲ್ಲಿ ಬಹಳ ಸುಧಾರಿಸಿದವರು ೨೮, ಸ್ವಲ್ಪ ಸುಧಾರಿಸಿದವರು ೧೦, ಹಾಗೆಯೇ ಇದ್ದವರು ೨, ಸ್ವಲ್ಪ ಕೆಟ್ಟವರು ೫, ಬಹಳ ಕೆಟ್ಟವರು ೬, ಸತ್ತವರು ೪. ಔಷಧ ಪಡೆಯದವರಲ್ಲಿ ಇದೇ ಕ್ರಮದಲ್ಲಿ ೪, ೧೩, ೩, ೧೨, ೬, ೧೪. ಈಗ ಮನೆಗಳು ಹನ್ನೆರಡು. ಪಿಯರ್ಸನ್ ಅವರ ಮೊತ್ತವು ಸುಮಾರು ೨೭. ಸ್ವತಂತ್ರವಾದ ಮನೆಗಳು ಐದಾದುದರಿಂದ ದಾಟಬೇಕಾದ ಗೆರೆ ೧೧.೦೭. ಹನ್ನೆರಡರಲ್ಲಿ ಎರಡು ಮನೆಗಳ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆ. ಆದರೆ ಐದರಲ್ಲೊಂದು ಪಾಲಿನಷ್ಟು ಮನೆಗಳು ಹೀಗಿದ್ದರೂ, ಯಾವುದೂ ಒಂದಕ್ಕಿಂತ ಕಡಿಮೆಯಾಗದಿದ್ದರೆ, ಬಾಧಕವಿಲ್ಲವೆಂದು ವಿಲಿಯಂ ಕಾಕ್ರನ್ ಅವರು ೧೯೫೪ರಲ್ಲಿ ರಿಯಾಯಿತಿ ಕೊಟ್ಟಿದ್ದಾರೆ.

ತೀರ್ಪೇನೋ ಸ್ಪಷ್ಟವಾಗಿದೆ. ಆದರೂ ಒಂದು ಕೊರತೆಯಿದೆ. ಈ ಆರು ವರ್ಗಗಳನ್ನು ಹೇಗೆ ಬೇಕಾದರೆ ಹಾಗೆ ಹಿಂದುಮುಂದು ಮಾಡಿ, ಸತ್ತವರನ್ನು ನಡುವಿಗೆ ತಂದು, ಸುಧಾರಿಸಿದವರನ್ನು ಕೊನೆಗೆ ಹಾಕಿ ಲೆಕ್ಕ ಮಾಡಿದರೂ ಅದೇ ೨೭ ಬರುತ್ತದೆ. ಕೈ-ವರ್ಗಕ್ಕೆ ಹೆಸರುಗಳು ಬೇರೆ ಬೇರೆಯೆಂಬುದಷ್ಟೇ ಗೊತ್ತು. ಸಾವು ಸುಧಾರಣೆಗಿಂತ ಕೀಳೆಂಬುದು ಗೊತ್ತಿಲ್ಲ. ಅದು ಗೊತ್ತಿರುವುದು ನಮಗೆ. ಗೊತ್ತಿರುವುದನ್ನು ಲೆಕ್ಕಕ್ಕೆ ಹೇಳದಿರುವುದು ನಷ್ಟವಲ್ಲವೆ? ವರ್ಗಗಳಿಗೆ ಒಂದರಿಂದ ಆರರವರೆಗೆ ಅಂಕಗಳನ್ನು ಕೊಟ್ಟು, ಕಾಕ್ರನ್ ಮತ್ತು ಪೀಟರ್ ಆರ್ಮಿಟೇಜ್ ಅವರು ೧೯೫೪-೫೫ರಲ್ಲಿ ರೂಪಿಸಿದ ಒಲವಿನ ಪರೀಕ್ಷೆಯನ್ನು ಮಾಡಿದರೆ ಬರುವ ಮೊತ್ತ ಸುಮಾರು ೧೭.೯, ದಾಟಬೇಕಾದ ಗೆರೆ ಮತ್ತೆ ೩.೮೪. ಇಲ್ಲಿ ಎರಡು ಪರೀಕ್ಷೆಗಳೂ ಒಂದೇ ತೀರ್ಪನ್ನು ಕೊಟ್ಟಿವೆ. ಆದರೆ ಗುಣವು ಮೆಲ್ಲಮೆಲ್ಲನೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಕಡೆ, ಕ್ರಮವನ್ನು ಮರೆತ ಪರೀಕ್ಷೆಯು ಕಾಣದೆ ಹೋಗುವುದನ್ನು ಕ್ರಮವನ್ನರಿತ ಪರೀಕ್ಷೆಯು ಕಾಣಬಲ್ಲುದು.

ಒಬ್ಬರನ್ನೇ ಎರಡು ಸಾರಿ ಎಣಿಸಿದಾಗ

ಇದುವರೆಗೆ ಹೇಳಿದ ಲೆಕ್ಕಗಳಿಗೆಲ್ಲ ಒಂದು ನಿಯಮವಿದೆ. ಒಬ್ಬ ಮನುಷ್ಯನು ಒಂದೇ ಮನೆಯಲ್ಲಿ, ಒಂದೇ ಸಾರಿ ಇರಬೇಕು. ಒಬ್ಬನ ಹತ್ತು ಚಿತ್ರಗಳನ್ನು ತೆಗೆದು ಹತ್ತು ಜನರೆಂದು ಎಣಿಸಿದರೆ ಸಂಖ್ಯೆ ಬೆಳೆಯುತ್ತದೆ, ಸಾಕ್ಷ್ಯ ಬೆಳೆಯುವುದಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ನೂರು ಜನ ವಿದ್ಯಾರ್ಥಿಗಳಿಗೆ ಪಾಠಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಕೇಳಿದರು. ೪೦ ಜನ ಸರಿಯಾಗಿ ಹೇಳಿದರು. ಪಾಠವಾದ ಮೇಲೆ ಅದೇ ನೂರು ಜನರನ್ನು ಕೇಳಿದರು. ೫೨ ಜನ ಸರಿಯಾಗಿ ಹೇಳಿದರು. ಇವರನ್ನು ಇನ್ನೂರು ಬೇರೆ ಬೇರೆ ಜನರೆಂದು ಭಾವಿಸಿ ಪಿಯರ್ಸನ್ ಅವರ ಅಳತೆಗೋಲನ್ನು ಹಿಡಿದರೆ ಬರುವುದು ೨.೯೦, ಗೆರೆಯ ಈಚೆಗೆ. ಪಾಠದಿಂದ ಏನಾದರೂ ಆಯಿತೆನ್ನಲು ಆಧಾರ ಸಾಲದು! ಆದರೆ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ನೋಡಿದಾಗ, ೩೬ ಜನ ಎರಡು ಸಾರಿಯೂ ಸರಿ, ೪೪ ಜನ ಎರಡು ಸಾರಿಯೂ ತಪ್ಪು, ೧೬ ಜನ ತಪ್ಪಿನಿಂದ ಸರಿಗೆ ಬಂದವರು, ೪ ಜನ ಸರಿಯಿಂದ ತಪ್ಪಿಗೆ ಜಾರಿದವರು ಎಂದು ತಿಳಿಯಿತೆನ್ನಿ. ಬದಲಾಗದ ೮೦ ಜನರು ಬದಲಾವಣೆಯ ವಿಚಾರದಲ್ಲಿ ಮೌನವಾಗಿದ್ದಾರೆ. ಮಾತನಾಡುವವರು ಉಳಿದ ಇಪ್ಪತ್ತು ಜನ. ಪಾಠದಿಂದ ಏನೂ ಆಗಿಲ್ಲವಾದರೆ ಅವರು ಹತ್ತು ಹತ್ತರಂತೆ ಎರಡೂ ಕಡೆಗೆ ಹೋಗಬೇಕಾಗಿತ್ತು. ಹೋದದ್ದು ಹದಿನಾರು ಮತ್ತು ನಾಲ್ಕು. ಮನಶ್ಶಾಸ್ತ್ರಜ್ಞರಾದ ಕ್ವಿನ್ ಮೆಕ್ನೆಮಾರ್ ಅವರು ೧೯೪೭ರಲ್ಲಿ ತಿಳಿಸಿದಂತೆ, ಇವೆರಡರ ಅಂತರದ ವರ್ಗವನ್ನು ಇವೆರಡರ ಮೊತ್ತದಿಂದ ಭಾಗಿಸಿದರೆ ೭.೨, ಗೆರೆಯ ಆಚೆಗೆ. ಎಣಿಕೆಗಳು ಬದಲಾಗಿಲ್ಲ, ಜಾತಕವನ್ನು ನೋಡಿದುದರಿಂದ ತೀರ್ಪು ಬದಲಾಯಿತು. ಯಾರು ಯಾರೊಡನೆ ಜೋಡಿ ಎಂಬುದನ್ನು ಬರೆದಿಡದೆ ಮೊತ್ತಗಳನ್ನು ಮಾತ್ರ ಉಳಿಸಿಕೊಂಡವನು ಅದನ್ನು ಮತ್ತೆ ಪಡೆಯಲಾರನು.

ಪದರಗಳಡಿ ಅಡಗಿದ ನ್ಯಾಯ

ಔಷಧದ ವಿಚಾರದಲ್ಲಿ ಗುಂಪುಗಳನ್ನು ಲಕೋಟೆಗಳು ಮಾಡಿದುವು. ಬಹುಪಾಲು ಎಣಿಕೆಗಳಿಗೆ ಆ ಭಾಗ್ಯವಿಲ್ಲ. ಗುಂಪುಗಳು ಸಮಾಜದಲ್ಲಿ ಮೊದಲೇ ಆಗಿಹೋಗಿರುತ್ತವೆ. ಅಲ್ಲಿ ಅಪಾಯವು ಬೇರೆ ಬಗೆಯದು.

೧೯೭೩ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕಿದ ೮೪೪೨ ಪುರುಷರಲ್ಲಿ ನೂರಕ್ಕೆ ೪೪ ಜನರಿಗೂ, ೪೩೨೧ ಸ್ತ್ರೀಯರಲ್ಲಿ ನೂರಕ್ಕೆ ೩೫ ಜನರಿಗೂ ಪ್ರವೇಶ ದೊರೆಯಿತು. ನಾಲ್ಕು ಮನೆಗಳನ್ನು ಕಟ್ಟಿ ಲೆಕ್ಕ ಹಾಕಿದರೆ ಕೈ-ವರ್ಗವು ೧೧೦ನ್ನೂ ಮೀರುತ್ತದೆ. ಆಕಸ್ಮಿಕವೆನ್ನುವ ಮಾತೇ ಇಲ್ಲ. ಸ್ತ್ರೀಯರಿಗೆ ಅನ್ಯಾಯವಾಗಿದೆಯೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಏಕೆ?

ಆದರೆ ಪ್ರವೇಶವನ್ನು ಕೊಡುವುದು ವಿಶ್ವವಿದ್ಯಾನಿಲಯವೆಂಬ ಒಂದು ಮೂರ್ತಿಯಲ್ಲ, ಬೇರೆ ಬೇರೆ ವಿಭಾಗಗಳು. ಬಿಕೆಲ್, ಹ್ಯಾಮೆಲ್, ಓ’ಕಾನೆಲ್ ಎಂಬ ಮೂವರು ವಿದ್ವಾಂಸರು ವಿಭಾಗವಾರು ನೋಡಿ ೧೯೭೫ರಲ್ಲಿ ವರದಿ ಮಾಡಿದರು. ಆರು ದೊಡ್ಡ ವಿಭಾಗಗಳ ಎಣಿಕೆಯಲ್ಲಿ ಮೊದಲನೆಯದರಲ್ಲಿ ೮೨೫ ಪುರುಷರಲ್ಲಿ ೫೧೨ ಜನರಿಗೆ, ಎಂದರೆ ನೂರಕ್ಕೆ ೬೨ರಂತೆ ಪ್ರವೇಶ. ೧೦೮ ಸ್ತ್ರೀಯರಲ್ಲಿ ೮೯ ಜನರಿಗೆ, ಎಂದರೆ ನೂರಕ್ಕೆ ೮೨ರಂತೆ ಪ್ರವೇಶ. ಆರನೆಯದರಲ್ಲಿ ೩೭೩ ಪುರುಷರಲ್ಲಿ ೨೨, ೩೪೧ ಸ್ತ್ರೀಯರಲ್ಲಿ ೨೪. ಹೆಚ್ಚಿನ ವಿಭಾಗಗಳಲ್ಲಿ ಅಂತರವು ಅತ್ಯಲ್ಪ, ಇದ್ದರೂ ಆಗಾಗ ಸ್ತ್ರೀಯರ ಕಡೆಗೇ. ಹಾಗಾದರೆ ಒಟ್ಟು ಲೆಕ್ಕ ಹೇಗೆ ತಲೆಕೆಳಗಾಯಿತು? ಬಾಗಿಲು ಅಗಲವಾಗಿದ್ದ ವಿಭಾಗಗಳಿಗೆ ಪುರುಷರು ಹೆಚ್ಚಾಗಿ ಹೋಗಿದ್ದರು. ಬಾಗಿಲು ಇಕ್ಕಟ್ಟಾಗಿದ್ದ ವಿಭಾಗಗಳಿಗೆ ಸ್ತ್ರೀಯರು ಹೆಚ್ಚಾಗಿ ಹೋಗಿದ್ದರು. ಇಂಥ ಕಡೆ ಒಂದೊಂದು ಪದರದ ನಾಲ್ಕು ಮನೆಗಳನ್ನೂ ಬೇರೆಯಾಗಿಟ್ಟು, ಆಮೇಲೆ ಅವುಗಳ ಸಾಕ್ಷ್ಯವನ್ನು ಕೂಡಿಸುವ ವಿಧಾನವನ್ನು ಕಾಕ್ರನ್ ಅವರು ೧೯೫೪ರಲ್ಲಿಯೂ ನೇಥನ್ ಮ್ಯಾಂಟೆಲ್ ಮತ್ತು ವಿಲಿಯಂ ಹೆನ್ಸೆಲ್ ಅವರು ೧೯೫೯ರಲ್ಲಿಯೂ ಕೊಟ್ಟಿದ್ದಾರೆ.

ಅನ್ಯಾಯವೇ ಇರಲಿಲ್ಲವೆಂದು ಇದರಿಂದ ಸಿದ್ಧವಾಯಿತೆ? ಇಲ್ಲ. ಅನ್ಯಾಯವನ್ನು ಹುಡುಕಬೇಕಾದ ಸ್ಥಳವು ಬದಲಾಯಿತು. ಹುಡುಗಿಯರು ಗಣಿತವನ್ನು ಬೇಡುವ ವಿಭಾಗಗಳಿಂದ ದೂರ ಉಳಿಯುವುದೇಕೆ, ಅವರನ್ನು ಅತ್ತ ಹೋಗದಂತೆ ತಿರುಗಿಸಿದವರು ಯಾರು, ಯಾವ ತರಗತಿಯಲ್ಲಿ ಎಂಬ ಪ್ರಶ್ನೆಗಳು ಉಳಿದೇ ಉಳಿದುವು. ತಪ್ಪಾದ ಕೋಷ್ಟಕವು ಪ್ರವೇಶ ಸಮಿತಿಯ ಕಡೆಗೆ ಬೆರಳು ತೋರಿಸುತ್ತಿತ್ತು. ಸರಿಯಾದ ಕೋಷ್ಟಕವು ಶಾಲೆಯ ಕಡೆಗೂ ಸಮಾಜದ ಕಡೆಗೂ ತೋರಿಸಿತು.

ಬೇರು ಒಂದೇ

ಇಷ್ಟು ಪರೀಕ್ಷೆಗಳನ್ನು ನೋಡಿ ವಾಚಕರಿಗೆ ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಕೈಚಳಕಗಳೆಂದು ತೋರಬಹುದು. ಹಾಗಿಲ್ಲ. ಬಳ್ಳಾರಿಯ ಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಫಿಷರ್ ಅವರ ಬಳಿ ಸಂಶೋಧನೆ ಮಾಡಿ, ೨೦೨೩ರಲ್ಲಿ ತೀರಿಕೊಂಡ ಸಿ. ಆರ್. ರಾವ್ ಅವರು ೧೯೪೮ರಲ್ಲಿ ಒಂದು ಸಾಮಾನ್ಯ ತತ್ತ್ವವನ್ನು ಪ್ರಕಟಿಸಿದರು. ಅದನ್ನು ಇಂದು ಸ್ಕೋರ್ ಪರೀಕ್ಷೆಯೆನ್ನುತ್ತಾರೆ. ಪಿಯರ್ಸನ್ ಅವರ ಕೈ-ವರ್ಗ, ಒಲವಿನ ಪರೀಕ್ಷೆ, ಮೆಕ್ನೆಮಾರ್ ಅವರ ಪರೀಕ್ಷೆ ಇವೆಲ್ಲ ಆ ಒಂದೇ ಬೇರಿನ ಕವಲುಗಳಾಗಿ ಕಾಣಿಸಿಕೊಳ್ಳುತ್ತವೆ. ಸಂಖ್ಯೆಗಳು ಹುಟ್ಟಿದ ರೀತಿಯನ್ನು ಗಣಿತದ ಭಾಷೆಯಲ್ಲಿ ಬರೆದರೆ, ಪರೀಕ್ಷೆಯು ಆ ಬರಹದಿಂದಲೇ ಹೊರಡುತ್ತದೆ. ಸ್ಟ್ರೆಪ್ಟೊಮೈಸಿನ್ ವರದಿಯು ಅಚ್ಚಾದುದೂ ಅದೇ ೧೯೪೮ರಲ್ಲಿ.

ಐದು ವರ್ಷಗಳ ಮೇಲೆ

ಆ ವರದಿಯ ಕತೆ ಆರು ತಿಂಗಳಿಗೆ ಮುಗಿಯಲಿಲ್ಲ. ಅದೇ ೧೦೭ ಜನರನ್ನು ಐದು ವರ್ಷಗಳವರೆಗೆ ಹಿಂಬಾಲಿಸಿದರು. ಔಷಧ ಪಡೆದ ೫೫ ಜನರಲ್ಲಿ ಅಷ್ಟು ಹೊತ್ತಿಗೆ ೩೨ ಜನ ಸತ್ತಿದ್ದರು. ಪಡೆಯದ ೫೨ ಜನರಲ್ಲಿ ೩೫ ಜನ. ಅದೇ ನಾಲ್ಕು ಮನೆಗಳು, ಅದೇ ಅಳತೆಗೋಲು. ಈಗ ಮೊತ್ತವು ೦.೯೫. ಗೆರೆಯ ಹತ್ತಿರಕ್ಕೂ ಬರಲಿಲ್ಲ.

ಮೊದಲಿನ ಪರೀಕ್ಷೆ ಸುಳ್ಳಾಗಿತ್ತೆ? ಇಲ್ಲ, ಎರಡು ಪ್ರಶ್ನೆಗಳೂ ಬೇರೆ, ಎರಡು ಉತ್ತರಗಳೂ ನಿಜ. ಆರು ತಿಂಗಳಲ್ಲಿ ಔಷಧವು ಸಾವನ್ನು ತಡೆದಿತ್ತು. ಆದರೆ ಹಲವರ ಮೈಯಲ್ಲಿ ಕ್ಷಯಾಣುಗಳು ಆ ಒಂದೇ ಔಷಧವನ್ನು ಎದುರಿಸಲು ಕಲಿತುವು, ರೋಗವು ಮರಳಿ ಬಂದಿತು. ಒಂದರ ಜೊತೆಗೆ ಇನ್ನೊಂದನ್ನು ಕೊಡಬೇಕೆಂಬ ಅರಿವು ಇದರಿಂದ ಬಲವಾಯಿತು; ಸ್ಟ್ರೆಪ್ಟೊಮೈಸಿನ್ನಿನೊಡನೆ ಪಿ.ಎ.ಎಸ್. ಎಂಬ ಔಷಧವನ್ನು ಸೇರಿಸಿ ನಡೆಸಿದ ಪ್ರಯೋಗದ ವರದಿಯು ೧೯೫೦ರಲ್ಲಿ ಹೊರಬಿದ್ದಿತು. ಇಂದಿಗೂ ಕ್ಷಯಕ್ಕೆ ಹಲವು ಔಷಧಗಳನ್ನು ಕೂಡಿಸಿಯೇ ಕೊಡುತ್ತಾರೆ.

ಇನ್ನೊ���ದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. ೦.೯೫ ಬಂದಿತೆಂದ ಮಾತ್ರಕ್ಕೆ ಎರಡು ಗುಂಪುಗಳೂ ಸಮವೆಂದು ಸಿದ್ಧವಾಗಲಿಲ್ಲ. ಸಮವಲ್ಲವೆನ್ನಲು ೧೦೭ ಜನರ ಸಾಕ್ಷ್ಯ ಸಾಲದಾಯಿತು, ಅಷ್ಟೆ. ಭೇದ ಕಾಣಲಿಲ್ಲವೆನ್ನುವುದು ಬೇರೆ, ಭೇದವಿಲ್ಲವೆನ್ನುವುದು ಬೇರೆ. ೧೯೫೬ರಲ್ಲಿ ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ಪ್ರಾರಂಭವಾದ ಪ್ರಯೋಗವು ಎದುರಿಸಿದುದು ಇಂಥ ಪ್ರಶ್ನೆಯನ್ನೇ. ಆರೋಗ್ಯಧಾಮದಲ್ಲಿ ಮಲಗಿಸಿ ಚಿಕಿತ್ಸೆ ಕೊಟ್ಟವರಿಗೂ ಬಡವರ ಮನೆಯಲ್ಲಿಯೇ ಚಿಕಿತ್ಸೆ ಕೊಟ್ಟವರಿಗೂ ಫಲದಲ್ಲಿ ಎಷ್ಟು ಅಂತರ? ಆಮೇಲೆ ಪಾಲಿಸಬೇಕಾದ ನೀತಿಯನ್ನು ಬದಲಿಸುವಷ್ಟು ದೊಡ್ಡ ಅಂತರವಿಲ್ಲವೆಂದು ೧೯೫೯ರ ವರದಿಯು ತೋರಿಸಿತು. ಹಾಸಿಗೆಗಳು ಸಾಲದ ದೇಶಕ್ಕೆ ಇದು ದೊಡ್ಡ ಮಾತು. ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಮುಂದೆ ರೂಪಿಸಿದ ರಾಷ್ಟ್ರವ್ಯಾಪಿ ಕಾರ್ಯಕ್ರಮವು ಮನೆಯಲ್ಲಿಯೇ ಚಿಕಿತ್ಸೆ ಎಂಬ ತತ್ತ್ವದ ಮೇಲೆ ನಿಂತಿತು.

ಪರೀಕ್ಷೆಗೆ ಮುಂಚಿನ ಪರೀಕ್ಷೆ

ಹೀಗೆ ಸಂಶೋಧನೆಗೆ ಹೊರಟವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವೇ. ಎರಡು ಗುಂಪುಗಳ ಜನರು ಬೇರೆ ಬೇರೆಯೇ, ಅಥವಾ ಅದೇ ಜನರೇ? ಬೇರೆ ಬೇರೆಯಾದರೆ ಪಿಯರ್ಸನ್, ಜೋಡಿಯಾದರೆ ಮೆಕ್ನೆಮಾರ್. ನಿರೀಕ್ಷಿತ ಸಂಖ್ಯೆಗಳು ಸಾಕಷ್ಟಿವೆಯೇ? ಇಲ್ಲವಾದರೆ ಫಿಷರ್. ವರ್ಗಗಳಿಗೆ ಮೇಲು ಕೀಳಿನ ಕ್ರಮವಿದೆಯೇ? ಇದ್ದರೆ ಒಲವಿನ ಪರೀಕ್ಷೆ. ಹೋಲಿಕೆಯನ್ನು ಕೆಡಿಸುವ ಪದರಗಳಿವೆಯೇ? ಇದ್ದರೆ ಮ್ಯಾಂಟೆಲ್ ಮತ್ತು ಹೆನ್ಸೆಲ್. ಈ ಪ್ರಶ್ನೆಗಳಲ್ಲಿ ಒಂದಕ್ಕೂ ಫಲಿತಾಂಶವನ್ನು ನೋಡಬೇಕಾದ ಅಗತ್ಯವಿಲ್ಲವೆಂಬುದನ್ನು ಗಮನಿಸಿ. ಎಲ್ಲವನ್ನೂ ಎಣಿಕೆಗೆ ಮುಂಚೆಯೇ ಕೇಳಿ ಉತ್ತರಿಸಬಹುದು; ಹಾಗೆ ಮಾಡುವುದೇ ಧರ್ಮ. ಎಲ್ಲ ಪರೀಕ್ಷೆಗಳನ್ನೂ ಮಾಡಿ ನೋಡಿ, ತನಗೆ ಬೇಕಾದ ಮಾತನ್ನು ಹೇಳಿದ ಒಂದನ್ನು ಮಾತ್ರ ಪ್ರಕಟಿಸುವವನು, ಸಾಕ್ಷಿಗಳನ್ನು ಗುಟ್ಟಾಗಿ ವಿಚಾರಿಸಿ ತನ್ನ ಕಡೆಯವನನ್ನು ಮಾತ್ರ ಕಟಕಟೆಗೆ ಹತ್ತಿಸುವ ವಕೀಲನಂತೆ.

ಗಣಿತದಲ್ಲಿ ಧರ್ಮದ ಮಾತೇಕೆಂದು ಕೇಳಬಹುದು. ಕೋಷ್ಟಕದ ಆ ಮನೆಯನ್ನು ಮತ್ತೊಮ್ಮೆ ನೋಡಿ: ೧೪. ಅವರಲ್ಲಿ ಯಾರ ವಯಸ್ಸೂ ಮೂವತ್ತನ್ನು ದಾಟಿರಲಿಲ್ಲ. ಲಕೋಟೆಯಲ್ಲಿ ಬೇರೆ ಕಾಗದ ಬಂದಿದ್ದರೆ ಅವರಲ್ಲಿ ಕೆಲವರಾದರೂ ಆ ಆರು ತಿಂಗಳುಗಳನ್ನು ದಾಟುತ್ತಿದ್ದರೇನೋ. ಅವರಿಗೆ ಔಷಧವನ್ನು ಕೊಡಲು ಆಗಲಿಲ್ಲ. ಅವರ ಲೆಕ್ಕವನ್ನು ಸರಿಯಾಗಿ ಇಡಲು ಆಯಿತು. ಮುಂದೆ ಬಂದವರು ಬದುಕಿದುದು ಆ ಲೆಕ್ಕದಿಂದ. ಎಣಿಸಿದವರು ಎಣಿಸಲ್ಪಟ್ಟವರಿಗೆ ತೀರಿಸಬಹುದಾದ ಋಣ ಅದು. ತಕ್ಕ ಪರೀಕ್ಷೆಯನ್ನು ಆರಿಸುವುದು ಆ ಋಣದ ಒಂದು ಭಾಗ.